ಎರಡನೇ ಸಲವೂ ಓಡಬೇಕಾದ ಸ್ಕ್ರಿಪ್ಟು

ಕನ್ನಡ ಫಾಂಟು ಮತ್ತು ಕೀಲಿಮಣೆಯನ್ನು ಒಟ್ಟಿಗೆ ಅಳವಡಿಸಲು ನಾನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗಾಗಿ ಪುಟ್ಟ ಪ್ಯಾಕೇಜೊಂದನ್ನು ಮಾಡಿದ್ದೆ. ಅದರ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟು, ಎಂದರೆ ಅಳವಡಿಕೆಯ ಕೊನೆಯಲ್ಲಿ ತಾನಾಗಿ ಓಡುವ ಆಜ್ಞೆಗಳ ಪಟ್ಟಿ, ಇಡೀ ಯಂತ್ರಕ್ಕೆ ಅನ್ವಯಿಸುವ ಎನ್ವಿರಾನ್‌ಮೆಂಟ್ ಕಡತದ ಕೊನೆಗೆ ಕನ್ನಡ ಟೈಪಿಸಲು ನೆರವಾಗುವ ಐಬಸ್ ತಂತ್ರಾಂಶಕ್ಕೆ ಬೇಕಾದ ಮೂರು ಸಾಲುಗಳನ್ನು ಸೇರಿಸುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿತ್ತು. ಶಾಲೆಯೊಂದರಲ್ಲಿ ನಡುವೆ ಕರೆಂಟು ಹೋಗಿ, ಅಲ್ಲಿನ ಶಿಕ್ಷಕರು ಅದನ್ನು ಮತ್ತೆ ಮತ್ತೆ ಓಡಿಸಿದ ಮೇಲೆ ಕಡತ ತೆರೆದು ನೋಡಿದರೆ, ಅವೇ ಮೂರು ಸಾಲುಗಳು ನಾಲ್ಕು ಸಲ ಒಂದರ ಕೆಳಗೊಂದು ಕುಳಿತಿದ್ದವು. ಪ್ಯಾಕೇಜನ್ನು ತೆಗೆದುಹಾಕಿದರೂ ಅವು ಹೋಗಲಿಲ್ಲ.

ಅರ್ಧಕ್ಕೆ ನಿಂತ ಸ್ಕ್ರಿಪ್ಟನ್ನು ಮತ್ತೆ ಓಡಿಸಿದರೆ ಅದು ಉಳಿದ ಕೆಲಸವನ್ನಷ್ಟೇ ಮುಗಿಸಬೇಕು, ಎಲ್ಲವೂ ಮುಗಿದಿದ್ದರೆ ಏನನ್ನೂ ಕೆಡಿಸಬಾರದು ಎಂಬುದು ಡೆಬಿಯನ್ ನೀತಿಯಲ್ಲೇ ಇದೆ. ಅದನ್ನು ಓದಿದ್ದೆ, ಆದರೆ ಅದರ ಅರ್ಥ ಆ ಶಾಲೆಯಲ್ಲಿ ಆಯಿತು. ಈಗ ಆ ಸಾಲುಗಳನ್ನು ಲಾಗಿನ್ ಆದಾಗ ಓಡುವ ಕಡತಗಳಿರುವ ಎಕ್ಸ್‌ಸೆಷನ್ ಡೈರೆಕ್ಟರಿಯಲ್ಲಿ ಪ್ಯಾಕೇಜಿನದೇ ಆದ ಪ್ರತ್ಯೇಕ ಕಡತದಲ್ಲಿ ಇಟ್ಟಿದ್ದೇನೆ. ಹೀಗಾಗಿ ಅದರ ಲೆಕ್ಕವನ್ನು ಡೆಬಿಯನ್‌ನಲ್ಲಿ ಪ್ಯಾಕೇಜುಗಳನ್ನು ನಿರ್ವಹಿಸುವ ಡಿಪಿಕೆಜಿಯೇ ಇಟ್ಟುಕೊಳ್ಳುತ್ತದೆ. ಪ್ಯಾಕೇಜನ್ನು ರಿಮೂವ್ ಮಾಡಿದರೆ (ಸುಮ್ಮನೆ ತೆಗೆದರೆ) ಈ ಕಡತ ಉಳಿಯುತ್ತದೆ, ಪರ್ಜ್ ಮಾಡಿದರೆ (ಸಂರಚನೆಯ ಸಮೇತ ತೆಗೆದರೆ) ಅಳಿಯುತ್ತದೆ. ರಿಮೂವ್ ಆದ ಮೇಲೂ ಅದು ಓಡುತ್ತಿರುವುದರಿಂದ, ಐಬಸ್ ಇದೆಯೇ ಎಂದು ಮೊದಲ ಸಾಲಿನಲ್ಲೇ ಪರೀಕ್ಷಿಸುತ್ತದೆ. ಫಾಂಟ್ ಕ್ಯಾಶನ್ನು, ಎಂದರೆ ಯಂತ್ರದಲ್ಲಿರುವ ಫಾಂಟುಗಳ ಪಟ್ಟಿಯನ್ನು, ನವೀಕರಿಸುವ ಆಜ್ಞೆಯನ್ನು ತೆಗೆದುಬಿಟ್ಟೆ, ಏಕೆಂದರೆ ಫಾಂಟುಗಳನ್ನು ನೋಡಿಕೊಳ್ಳುವ ಫಾಂಟ್‌ಕಾನ್ಫಿಗ್‌ನ ಟ್ರಿಗರ್, ಹೊಸ ಫಾಂಟು ಬಂದಾಗ, ಆ ಕೆಲಸವನ್ನು ತಾನೇ ಮಾಡುತ್ತದೆ. ಇಡೀ ಯಂತ್ರದ ಮೇಲೆ ಹಿಡಿತವಿರುವ ರೂಟ್ ಅಧಿಕಾರದಲ್ಲಿ ಓಡುವ ಸಾಲುಗಳು ಕಡಿಮೆಯಾದಷ್ಟೂ ಒಳ್ಳೆಯದು: 2011ರಲ್ಲಿ ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ನೆರವಾಗುವ ಬಂಬಲ್‌ಬೀ ಯೋಜನೆಯ ಅನುಸ್ಥಾಪನಾ ಸ್ಕ್ರಿಪ್ಟಿನಲ್ಲಿ, ಅಳಿಸುವ ಆಜ್ಞೆಗೆ ಕೊಟ್ಟ ಕಡತದ ದಾರಿಯ (ಪಾತ್) ನಡುವೆ ಸೇರಿಕೊಂಡ ಒಂದೇ ಒಂದು ಖಾಲಿ ಜಾಗ ಬಳಕೆದಾರರ ಯಂತ್ರದಲ್ಲಿ ಬಹುಪಾಲು ತಂತ್ರಾಂಶಗಳಿರುವ ಯುಎಸ್‌ಆರ್ ಡೈರೆಕ್ಟರಿಯನ್ನೇ ಅಳಿಸಿಹಾಕಿತ್ತು.

ಅಳವಡಿಸುವವರಿಗೆ ಸೂಚನೆಗಳನ್ನು ಬರೆಯುವುದು ಇದಕ್ಕಿಂತ ಕಷ್ಟವಾಯಿತು. ಪ್ಯಾಕೇಜು ಅಳವಡಿಸುವ ಆಪ್ಟ್ ಆಜ್ಞೆಯಲ್ಲಿ, ಅದೇ ಫೋಲ್ಡರಿನಲ್ಲಿರುವ ಕಡತದ ಹೆಸರಿಗೆ ಮೊದಲು ಚುಕ್ಕೆ ಮತ್ತು ಓರೆಗೆರೆ ಇರಲೇಬೇಕು. ಇಲ್ಲವಾದರೆ ಆಪ್ಟ್ ಕೈಯಲ್ಲಿರುವ ಕಡತವನ್ನು ಬಿಟ್ಟು ಆ ಹೆಸರಿನ ಪ್ಯಾಕೇಜನ್ನು ಡೆಬಿಯನ್‌ನ ಪ್ಯಾಕೇಜು ಭಂಡಾರದಲ್ಲಿ ಹುಡುಕುತ್ತದೆ. ನನಗೆ ಅಭ್ಯಾಸವಾಗಿದ್ದರಿಂದ ಅದನ್ನು ವಿವರಿಸಿರಲಿಲ್ಲ. ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲವೆಂದೂ ತಿಳಿಸಿರಲಿಲ್ಲ. ಅದೇ ಶಿಕ್ಷಕರು ಕೀಲಿಮಣೆಯೇ ಕೆಟ್ಟಿತೆಂದು ಅಲ್ಲಿಗೇ ನಿಲ್ಲಿಸಿದ್ದರು. ಈಗ ಪ್ರತಿ ಹೆಜ್ಜೆಯ ಕೆಳಗೆ, ಅದು ಸರಿಯಾಗಿ ನಡೆದರೆ ಪರದೆಯಲ್ಲಿ ಏನು ಕಾಣಬೇಕು ಎಂಬುದನ್ನು ಬರೆಯುತ್ತೇನೆ. ಕೊನೆಯ ಹೆಜ್ಜೆ ಲಾಗ್‌ಔಟ್ ಆಗಿ ಮರಳಿ ಲಾಗಿನ್ ಆಗುವುದು. ಆಗ ಒತ್ತಕ್ಷರವೂ ಅರ್ಕಾವತ್ತೂ ಸರಿಯಾಗಿ ಮೂಡುತ್ತವೆಯೇ ಎಂದು ‘ಕ್ಷ’ ಮತ್ತು ‘ರ್ಕ’ ಎರಡನ್ನೂ ಟೈಪಿಸಿ ನೋಡಬೇಕು.