ಬೆಳಗಿನ ಜಾವದ ಫ್ಲೈಟ್, ಬನಶಂಕರಿಯಿಂದ ದೇವನಹಳ್ಳಿಗೆ: ಆ್ಯಪ್ ನಂಬಿ ಹೊರಡುವವರಿಗೆ ಒಂದಿಷ್ಟು ಮಾತು

ಕಾಶಿಗೆ ಹೋಗಬೇಕು ಎಂದು ಅಮ್ಮ ಹತ್ತು ವರ್ಷದಿಂದ ಹೇಳುತ್ತಲೇ ಇದ್ದರು. ಈ ಸಲ ಟಿಕೆಟ್ ಮಾಡಿಯೇಬಿಟ್ಟೆ. ಬೆಳಿಗ್ಗೆ 6.10ಕ್ಕೆ ಫ್ಲೈಟ್. ಕಾಶಿಯ ಕಥೆ ಇನ್ನೊಂದು ಸಲ ಬರೆಯುತ್ತೇನೆ, ಅಲ್ಲಿ ಎಲ್ಲ ಚೆನ್ನಾಗಿಯೇ ಆಯಿತು. ಪಾಡು ಪಟ್ಟಿದ್ದೆಲ್ಲ ಮನೆಯಿಂದ ಏರ್‌ಪೋರ್ಟ್‌ವರೆಗಿನ ನಲವತ್ತು ಚಿಲ್ಲರೆ ಕಿಲೋಮೀಟರಿಗೆ.

ಹಿಂದಿನ ರಾತ್ರಿಯೇ ಒಂದು ಆ್ಯಪ್‌ನಲ್ಲಿ 3 ಗಂಟೆಗೆ ಕ್ಯಾಬ್ ಶೆಡ್ಯೂಲ್ ಮಾಡಿಟ್ಟು ನಿಶ್ಚಿಂತೆಯಿಂದ ಮಲಗಿದ್ದೆ. 2.45ಕ್ಕೆ ಡ್ರೈವರ್ ಹೆಸರು, ಗಾಡಿ ನಂಬರ್ ಬಂತು. ಫೋನೂ ಬಂತು. 'ಎಲ್ಲಿಗೆ ಸರ್ ಡ್ರಾಪ್? ಕ್ಯಾಶಾ, ಆನ್‌ಲೈನಾ?' ಏರ್‌ಪೋರ್ಟು, ಆನ್‌ಲೈನ್ ಅಂದೆ. 'ಬರ್ತಾ ಇದೀನಿ' ಅಂದ. ಬರಲಿಲ್ಲ. ಮ್ಯಾಪ್‌ನಲ್ಲಿ ಆ ಪುಟ್ಟ ಕಾರು ದೇವೇಗೌಡ ಪೆಟ್ರೋಲ್ ಬಂಕ್ ಹತ್ತಿರ ನಿಂತಿದ್ದು ನಿಂತೇ ಇತ್ತು. ನಾಲ್ಕು ನಿಮಿಷ ಅಂತ ತೋರಿಸಿದ್ದು ಹತ್ತು ನಿಮಿಷ ಆದರೂ ನಾಲ್ಕೇ ನಿಮಿಷ. ಆಮೇಲೆ ಫೋನ್ ಎತ್ತುವುದನ್ನೂ ನಿಲ್ಲಿಸಿದ. ನಾವೇ ಕ್ಯಾನ್ಸಲ್ ಮಾಡಲಿ ಅಂತ ಕಾಯುತ್ತಿದ್ದಾನೆ ಎಂದು ನನಗೆ ಹೊಳೆಯುವಷ್ಟರಲ್ಲಿ 3.05. ಅಮ್ಮ ಗೇಟಿನ ಹತ್ತಿರ ಸೂಟ್‌ಕೇಸ್ ಮೇಲೆ ಕೂತು ಮನಸ್ಸಿನಲ್ಲೇ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಅಪ್ಪ ಮಾತ್ರ ಸುಮ್ಮನಿರಲಿಲ್ಲ. 'ಮೂಲೆ ಟ್ರಾವೆಲ್ಸ್‌ನವನಿಗೆ ಹೇಳಿದ್ದರೆ ಎರಡೂವರೆಗೇ ಬಂದು ಹಾರ್ನ್ ಹೊಡೀತಿದ್ದ' ಎಂದರು. ಆ ಟ್ರಾವೆಲ್ಸ್ ಮುಚ್ಚಿ ಐದಾರು ವರ್ಷ ಆಯಿತು ಅಂತ ಆಗ ಹೇಳೋಕೆ ಮನಸ್ಸು ಬರಲಿಲ್ಲ.

ಅಪ್ಪನ ಮಾತಿನಲ್ಲಿ ಸತ್ಯ ಇದೆ. 2008ರ ಮೇ ತನಕ ನಮ್ಮೂರಿನ ವಿಮಾನಗಳೆಲ್ಲ ಊರೊಳಗಿನ ಎಚ್‌ಎಎಲ್ ಏರ್‌ಪೋರ್ಟ್‌ನಿಂದಲೇ ಹಾರುತ್ತಿದ್ದವು, ಆಟೊ ಹತ್ತಿದರೆ ಸಾಕಿತ್ತು. ದೇವನಹಳ್ಳಿಗೆ ಹೋದ ಮೇಲೆ ಆಟೊ ಲೆಕ್ಕದಿಂದಲೇ ಬಿತ್ತು, ಟರ್ಮಿನಲ್ ತನಕ ಅದನ್ನು ಬಿಡುವುದೂ ಇಲ್ಲ. ಆಮೇಲಿನ ಕೆಲವು ವರ್ಷ ಹಿಂದಿನ ದಿನವೇ ಫೋನ್ ಮಾಡಿ ಮೆರು ಕ್ಯಾಬ್ ಬುಕ್ ಮಾಡಬೇಕಿತ್ತು, ಇಲ್ಲ ಅಂದರೆ ಗುರುತಿನ ಟ್ರಾವೆಲ್ಸ್‌ನವನ ಇಂಡಿಕಾ. ದುಡ್ಡು ಅವನು ಹೇಳಿದಷ್ಟು. 2013ರಲ್ಲಿ ಊಬರ್ ಬೆಂಗಳೂರಿಗೆ ಬಂತು, ಓಲಾ ಜೊತೆಗಿತ್ತು. ಬೆರಳು ಒತ್ತಿದರೆ ಬಾಗಿಲಿಗೆ ಕಾರು, ಅದೂ ಕಡಿಮೆ ರೇಟಿಗೆ. ಒಂದೇ ದಾರಿಯವರು ಸೇರಿ ಹೋಗುವ ಶೇರ್ ಸವಾರಿಯೂ ಇತ್ತು, 2020ರಲ್ಲಿ ಕೋವಿಡ್ ಬಂದಾಗ ಅದು ನಿಂತಿತು. ನಾವೆಲ್ಲ ಎಷ್ಟು ಒಗ್ಗಿಹೋದೆವು ಅಂದರೆ ಟ್ರಾವೆಲ್ಸ್‌ನವನ ನಂಬರನ್ನು ಫೋನಿನಿಂದ ತೆಗೆದೂ ಹಾಕಿದೆವು. ರೇಟು ಮೊದಲೇ ಗೊತ್ತಾಗುತ್ತದೆ, ಗಾಡಿ ಎಲ್ಲಿದೆ ಅಂತ ಕಾಣುತ್ತದೆ, ಎಲ್ಲ ಸರಿ. ಆದರೆ 'ಬಂದೇ ಬರ್ತೀನಿ' ಅಂತ ಮಾತು ಕೊಟ್ಟವನು ಯಾರೂ ಇಲ್ಲ ಅಲ್ವಾ?

ಅದಕ್ಕೇ ನಾನು ಈಗ ಹೋಗುವುದನ್ನೂ ಬರುವುದನ್ನೂ ಬೇರೆಬೇರೆ ಲೆಕ್ಕ ಹಾಕುತ್ತೇನೆ. ಬರುವಾಗ ಅರ್ಧ ಗಂಟೆ ತಡವಾದರೆ ಏನೂ ಮುಳುಗುವುದಿಲ್ಲ. ಹೋಗುವಾಗ ಫ್ಲೈಟೇ ತಪ್ಪುತ್ತದೆ.

ಹೋಗುವವರಿಗೆ ಮೊದಲು ಹೇಳುವುದು ಇದು: ಶೆಡ್ಯೂಲ್ ಅಂದ ತಕ್ಷಣ ಗಾಡಿ ನಿಮಗಾಗಿ ಎತ್ತಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಕೆಲವು ಕಡೆ ನಿಮ್ಮ ಪರವಾಗಿ ಸ್ವಲ್ಪ ಮುಂಚೆ ಹುಡುಕಲು ಶುರು ಮಾಡುತ್ತಾರೆ, ಅಷ್ಟೇ. ಡ್ರೈವರ್ ಸಿಕ್ಕಿ ಐದು ನಿಮಿಷವಾದರೂ ಗಾಡಿ ಅಲ್ಲಾಡದಿದ್ದರೆ ಇನ್ನೊಂದು ಆ್ಯಪ್ ತೆರೆಯಿರಿ, ದಂಡ ಬಿದ್ದರೆ ಬೀಳಲಿ, ಆಮೇಲೆ ಜಗಳ ಆಡಬಹುದು. ಎರಡು ಮೂರು ಆ್ಯಪ್ ಫೋನಿನಲ್ಲಿ ಇರಲಿ. ಆಟೊದಿಂದ ಶುರುವಾದ 'ನಮ್ಮ ಯಾತ್ರಿ' ಆ್ಯಪ್‌ನಲ್ಲೂ 2024ರಿಂದ ಕ್ಯಾಬ್ ಸಿಗುತ್ತದೆ. ಅವರು ಡ್ರೈವರ್‌ಗಳಿಂದ ಸವಾರಿಗೆ ಇಷ್ಟು ಅಂತ ಕಮಿಷನ್ ಹಿಡಿಯುವುದಿಲ್ಲ.

ಬಿ ಪ್ಲಾನ್ ಅಂದರೆ ಬಿಎಂಟಿಸಿಯ ಏರ್‌ಪೋರ್ಟ್ ಬಸ್ಸು, ವಾಯುವಜ್ರ. ಮೆಜೆಸ್ಟಿಕ್‌ನಿಂದ ಕೆಐಎ 9 ನಂಬರಿನ ಬಸ್ಸು, ನಮ್ಮ ಬನಶಂಕರಿಯಿಂದ ಕೆಐಎ 5, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ 8. ಎಸಿ ಬಸ್ಸು, ಲಗೇಜ್ ಇಡೋಕೆ ಜಾಗ ಇದೆ, ಕ್ಯಾಬಿನ ದುಡ್ಡಿಗೆ ಹೋಲಿಸಿದರೆ ಒಬ್ಬರಿಗೆ ಬಹಳ ಕಡಿಮೆ. ಮೂರು ನಾಲ್ಕು ಜನ ಇದ್ದರೆ ಅಷ್ಟೇನೂ ಉಳಿಯುವುದಿಲ್ಲ. ನಿಮ್ಮ ಸ್ಟಾಪಿಗೆ ಬೆಳಗಿನ ಜಾವ ಎಷ್ಟೊತ್ತಿಗೆ ಬಸ್ಸಿದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ನಾನು ನೋಡಿರಲಿಲ್ಲ. ಮೈಸೂರಿನವರಂತೂ ಬೆಂಗಳೂರಿಗೆ ಬಂದು ಇಲ್ಲಿ ಕ್ಯಾಬ್ ಹುಡುಕುವ ಗೋಜಿಗೇ ಹೋಗಬೇಡಿ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಸೀದಾ ಏರ್‌ಪೋರ್ಟಿಗೇ ಬರುತ್ತದೆ.

ನಮಗೆ ಕೊನೆಗೆ ಇನ್ನೊಂದು ಆ್ಯಪ್‌ನಲ್ಲಿ ಗಾಡಿ ಸಿಕ್ಕಿತು. ಆರೇ ನಿಮಿಷದಲ್ಲಿ ಬಂದ, ಚಿಕ್ಕಬಳ್ಳಾಪುರದ ಕಡೆಯ ಹುಡುಗ. ಅಬ್ಬಾ ಅಂದುಕೊಂಡು ಡಿಕ್ಕಿ ತೆಗೆದರೆ ಒಳಗೆ ಸಿಎನ್‌ಜಿ ಸಿಲಿಂಡರ್! ಅರ್ಧಕ್ಕಿಂತ ಜಾಸ್ತಿ ಜಾಗ ಅದೇ ತಿಂದಿದೆ. ನಮ್ಮದು ಮೂರು ದೊಡ್ಡ ಪೆಟ್ಟಿಗೆ, ಜೊತೆಗೆ ಅಮ್ಮನ ಚಕ್ಕುಲಿ, ಅವಲಕ್ಕಿ, ಒಂದು ವಾರಕ್ಕಾಗುವಷ್ಟು ಚಟ್ನಿಪುಡಿ ಇದ್ದ ಬ್ಯಾಗು. ಒಂದು ಪೆಟ್ಟಿಗೆ ಡಿಕ್ಕಿಗೆ ಹೋಯಿತು, ಒಂದು ಮುಂದಿನ ಸೀಟಿಗೆ, ಇನ್ನೊಂದನ್ನು ನನ್ನ ತೊಡೆ ಮೇಲೆ ಇಟ್ಟುಕೊಂಡು ಹಿಂದೆ ಮೂವರೂ ಒತ್ತೊತ್ತಾಗಿ ಕೂತೆವು. ನಗರದ ಕ್ಯಾಬ್‌ಗಳಲ್ಲಿ ಸಿಎನ್‌ಜಿ ಗಾಡಿ ಬಹಳ ಇವೆ, ಹಾಗಾಗಿ ಇದು ನಿಮಗೂ ಆಗುವುದೇ. ಡ್ರೈವರ್ ಫೋನ್ ಮಾಡಿದಾಗ ಮೇಲೆ ಕ್ಯಾರಿಯರ್ ಇದೆಯಾ ಅಂತ ಕೇಳಿಬಿಡಿ. ಎರಡಕ್ಕಿಂತ ಹೆಚ್ಚು ದೊಡ್ಡ ಪೆಟ್ಟಿಗೆ ಇದ್ದರೆ ದುಡ್ಡಿನ ಮುಖ ನೋಡದೆ ದೊಡ್ಡ ಗಾಡಿಯನ್ನೇ ಮಾಡಿ.

ಆ ಹೊತ್ತಿನಲ್ಲಿ ಮೇಖ್ರಿ ಸರ್ಕಲ್, ಹೆಬ್ಬಾಳ ಎಲ್ಲ ಖಾಲಿ. ಐವತ್ತು ನಿಮಿಷದಲ್ಲಿ ತಲುಪಿದೆವು. ಇದನ್ನು ನೋಡಿ ಸಂಜೆ ಫ್ಲೈಟಿಗೂ ಇದೇ ಲೆಕ್ಕ ಹಾಕಿದರೆ ಕೆಟ್ಟಿರಿ. ಸಂಜೆ ಐದರ ಮೇಲೆ ದಕ್ಷಿಣ ಬೆಂಗಳೂರಿನಿಂದ ಹೊರಡುವವರು ಎರಡೂವರೆ ಗಂಟೆ ಕೈಯಲ್ಲಿ ಇಟ್ಟುಕೊಳ್ಳಿ. ಹೆಬ್ಬಾಳದ ಫ್ಲೈಓವರ್ ಏರುವುದಕ್ಕೇ ಒಂದು ಆಯುಷ್ಯ ಬೇಕು, ಜೊತೆಗೆ ಮೆಟ್ರೋ ನೀಲಿ ಮಾರ್ಗದ ಕೆಲಸ. ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಯವರು ಹೆಣ್ಣೂರು, ಬಾಗಲೂರು ರಸ್ತೆ ಹಿಡಿದರೆ ಹೆಬ್ಬಾಳವೂ ತಪ್ಪುತ್ತದೆ, ಸಾದಹಳ್ಳಿ ಟೋಲೂ ತಪ್ಪುತ್ತದೆ.

ರೇಟಿನ ಬಗ್ಗೆ ಜಗಳ ಬಂದರೆ ಒಂದು ಅಂದಾಜು ಇರಲಿ. 2024ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಆ್ಯಪ್ ಕ್ಯಾಬೂ ಸೇರಿ ಎಲ್ಲ ಟ್ಯಾಕ್ಸಿಗೂ ಒಂದೇ ದರ ನಿಗದಿ ಮಾಡಿತು. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ರಾತ್ರಿ 12ರಿಂದ ಬೆಳಿಗ್ಗೆ 6ರ ತನಕ ಶೇಕಡಾ 10 ಜಾಸ್ತಿ. ಟೋಲ್ ಬೇರೆ. ಹಾಗೆ ನೋಡಿದರೆ 45 ಕಿಲೋಮೀಟರಿಗೆ 1,084 ರೂಪಾಯಿ ಆಗುತ್ತದೆ, ರಾತ್ರಿಯಾದರೆ ಹತ್ತಿರ ಹತ್ತಿರ 1,200. ಆ್ಯಪ್ ತೋರಿಸಿದ ದುಡ್ಡಿನಲ್ಲಿ ಟೋಲ್ ಸೇರಿದೆಯಾ ಅಂತ ಹತ್ತುವ ಮೊದಲೇ ನೋಡಿಕೊಳ್ಳಿ. ಇಳಿಯುವಾಗ ಆ ಮಾತು ಬಂದರೆ ಇಬ್ಬರಿಗೂ ಮನಸ್ಸು ಕಹಿ.

ಇನ್ನು ಬರುವುದು. ನಾನು ನಾಲ್ಕೇ ದಿನಕ್ಕೆ ವಾಪಸ್ ಬಂದೆ, ಅಪ್ಪ ಅಮ್ಮ ವಾರ ಬಿಟ್ಟು ಇಬ್ಬರೇ ಬಂದರು. ಹೋಗಿದ್ದು ಟರ್ಮಿನಲ್ 1ರಿಂದ, ಅವರು ಬಂದಿಳಿದಿದ್ದು ಟರ್ಮಿನಲ್ 2ರಲ್ಲಿ, ಏರ್‌ಲೈನ್ ಬೇರೆ. ಬುಕ್ ಮಾಡುವಾಗ ಟರ್ಮಿನಲ್ ಸರಿಯಾಗಿ ಹಾಕದಿದ್ದರೆ ಡ್ರೈವರ್ ಒಂದು ಕಡೆ, ನೀವು ಒಂದು ಕಡೆ. ನಾನು ಮನೆಯಲ್ಲಿ ಕೂತು ಅವರಿಗೆ ಬುಕ್ ಮಾಡಿದೆ, ಎಷ್ಟೋ ಮಕ್ಕಳು ಅಮೆರಿಕದಲ್ಲಿ ಕೂತು ಮಾಡುವುದೂ ಇದನ್ನೇ. ಆದರೆ ಒಂದು ಎಡವಟ್ಟು ಮಾಡಿದೆ. ನನ್ನ ನಂಬರಿನಿಂದಲೇ ಮಾಡಿದ್ದರಿಂದ ಡ್ರೈವರ್ ಫೋನ್ ನನಗೆ ಬಂತು. ಅವನು 'ಎಲ್ಲಿದ್ದೀರಾ ಸರ್' ಅಂತಾನೆ, ನಾನು ಅಪ್ಪನಿಗೆ ಹಚ್ಚಿದರೆ ಅವರು 'ಇಲ್ಲೇ ಒಂದು ಬಿದಿರಿನ ಕಂಬದ ಹತ್ತಿರ' ಅಂತಾರೆ. ಆ ಟರ್ಮಿನಲ್ ನೋಡಿದವರಿಗೆ ಗೊತ್ತು, ಅಲ್ಲಿ ಎಲ್ಲೆಲ್ಲೂ ಬಿದಿರೇ! ಬೇರೆಯವರಿಗೆ ಬುಕ್ ಮಾಡುವಾಗ ಅವರ ಹೆಸರು, ನಂಬರ್ ಹಾಕುವ ಅನುಕೂಲ ಆ್ಯಪ್‌ನಲ್ಲೇ ಇದೆ, ಬಳಸಿ. ಓಟಿಪಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲು ಹೇಳಿ. ಬಂದಿಳಿಯುವಾಗ ಅವರ ಫೋನಿನಲ್ಲಿ ಚಾರ್ಜೇ ಇರುವುದಿಲ್ಲ, ಅದೊಂದು ಮಾತ್ರ ಖಾತ್ರಿ.

ಲಗೇಜ್ ಕೈಗೆ ಬರುವ ಮೊದಲು ಬುಕ್ ಮಾಡಬೇಡಿ. ಬೆಲ್ಟಿನ ಮುಂದೆ ನಿಂತು ರೇಟು ನೋಡಿಕೊಂಡಿರಿ, ಪೆಟ್ಟಿಗೆ ಕಂಡ ಮೇಲೆ ಒತ್ತಿ. ಇಲ್ಲದಿದ್ದರೆ ಗಾಡಿ ಕಾದು ಕಾದು ವೇಟಿಂಗ್ ಚಾರ್ಜು ಏರುತ್ತದೆ. ಹೊರಗೆ ಬಂದ ಕೂಡಲೇ 'ಟ್ಯಾಕ್ಸಿ ಬೇಕಾ ಸರ್' ಅಂತ ಪಕ್ಕದಲ್ಲೇ ನಡೆದು ಬರುವವರ ಹಿಂದೆ ಮಾತ್ರ ಹೋಗಬೇಡಿ. ಆ್ಯಪ್‌ನಲ್ಲಿ ರೇಟು ಜಾಸ್ತಿ ಅನಿಸಿದರೆ ಏರ್‌ಪೋರ್ಟ್ ಟ್ಯಾಕ್ಸಿ ಸಾಲಿನಲ್ಲಿ ನಿಂತುಬಿಡಿ.

ಕೊನೆಗೆ ಅಪ್ಪ ಗಾಡಿ ಹತ್ತಿ, ಚೆಕ್‌ಇನ್ ಪೆಟ್ಟಿಗೆಯೊಳಗೆ ಬಂದ ಗಂಗಾಜಲದ ಗಿಂಡಿ ಸೋರಿದೆಯಾ ಅಂತ ಮುಟ್ಟಿ ನೋಡಿದರಂತೆ. ಸೋರಿರಲಿಲ್ಲ.

ಆ ಚಿಕ್ಕಬಳ್ಳಾಪುರದ ಹುಡುಗನ ನಂಬರ್ ಇಸ್ಕೊಂಡಿದ್ದೆ. ಹೀಗೆ ನೇರವಾಗಿ ಕರೆದರೆ ಆ್ಯಪ್‌ನ ಟ್ರ್ಯಾಕಿಂಗ್ ಇರುವುದಿಲ್ಲ, ಹಾಗಾಗಿ ಗಾಡಿ ನಂಬರನ್ನೂ ಲೈವ್ ಲೊಕೇಶನ್ನನ್ನೂ ಮನೆಯವರಿಗೆ ಕಳಿಸಿ ಹೊರಡಬೇಕು. ಮುಂದಿನ ತಿಂಗಳು ತಂಗಿ ಹೊರಡುವುದೂ ಬೆಳಗಿನ ಜಾವದ ಫ್ಲೈಟಿಗೇ, ಅವನಿಗೆ ಈಗಲೇ ಹೇಳಿಟ್ಟಿದ್ದೇನೆ. ಎರಡೂವರೆಗೇ ಬರುತ್ತಾನಂತೆ, ಕ್ಯಾರಿಯರ್ ಇರುವ ಗಾಡಿಯನ್ನೇ ತರುತ್ತಾನಂತೆ. ಹಾರ್ನ್ ಮಾತ್ರ ಹೊಡೀಬೇಡ ಅಂದಿದ್ದೇನೆ, ಪಕ್ಕದ ಮನೆಯಲ್ಲಿ ಪುಟ್ಟ ಮಗು ಇದೆ.