ಪಂದಿ ಕರಿ ಬಿಟ್ಟ ಮೇಲೆ ನೆಗಡಿ ಬಿಡ್ತಿಲ್ಲ, ಜಿಂಕ್ ಮಾತ್ರೆ ನುಂಗಲೇ?

ಕೊಡಗಿನಲ್ಲಿ ಮಳೆಗಾಲ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಯೂರಿಕ್ ಆಸಿಡ್, ಕೊಲೆಸ್ಟ್ರಾಲ್ ಅಥವಾ ಹರಕೆ ಅಂತ ಪಂದಿ (ಹಂದಿ ಮಾಂಸ), ಕೋಳಿ, ಮೀನು ಎಲ್ಲ ಬಿಟ್ಟಿರುತ್ತಾರೆ. ಈಗ ನೆಗಡಿ ಕೆಮ್ಮು ಬೆನ್ನು ಬಿಡುತ್ತಿಲ್ಲ, ಮೆಡಿಕಲ್ ಶಾಪಿನಲ್ಲಿ ಜಿಂಕ್ ಕೊಟ್ಟಿದ್ದಾರೆ. ತಿನ್ನಬಹುದಾ, ಎಷ್ಟು ದಿನ?

ಮಾತ್ರೆ ಆಮೇಲೆ, ಮೊದಲು ತಟ್ಟೆ ನೋಡಿ. ಮಾಂಸ ಬಿಟ್ಟಿದ್ದು ತಪ್ಪಲ್ಲ, ಅದರ ಜಾಗಕ್ಕೆ ಏನೂ ಬರಲಿಲ್ಲವಲ್ಲ, ಅದು ತಪ್ಪು. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ನೂಲ್‌ಪುಟ್ಟೋ ಕಡಂಬುಟ್ಟೋ: ಹೆಸರು ಬೇರೆ, ಎಲ್ಲ ಪಾಲಿಶ್ ಅಕ್ಕಿಯೇ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಜಿಂಕ್ ಸುಮಾರು 1.2 ಮಿಲಿಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ ತಿಂದರೂ 4 ಮಿಲಿಗ್ರಾಂ ದಾಟುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ದಿನಕ್ಕೆ ಗಂಡಸರಿಗೆ 17, ಹೆಂಗಸರಿಗೆ 13.2 ಮಿಲಿಗ್ರಾಂ. ಬೈಂಬಳೆ (ಎಳೆ ಬಿದಿರು), ಅಣಬೆ ರುಚಿಯಲ್ಲಿ ಪಂದಿಯ ಜಾಗ ತುಂಬಬಹುದು, ಜಿಂಕ್ ಲೆಕ್ಕದಲ್ಲಿ ತುಂಬುವುದಿಲ್ಲ.

ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳು ಪಳಗುವುದು ಎದೆಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ. ಅಲ್ಲಿನ ಥೈಮುಲಿನ್ ಹಾರ್ಮೋನು ಜಿಂಕ್ ಇಲ್ಲದೆ ಕೆಲಸ ಮಾಡದು. ಕಬ್ಬಿಣ, ಸೆಲೆನಿಯಂ ಕೊರತೆಯೂ ರೋಗನಿರೋಧಕ ಶಕ್ತಿ ಕುಗ್ಗಿಸುತ್ತದೆ.

ದಿನಕ್ಕೆ 60 ಗ್ರಾಂ ಹೆಸರುಕಾಳು ಅಥವಾ ಕಡಲೆಯಿಂದ ಸುಮಾರು 2 ಮಿಲಿಗ್ರಾಂ ಜಿಂಕ್, 20 ಗ್ರಾಂ ಎಳ್ಳಿನಿಂದ ಒಂದೂವರೆ, 30 ಗ್ರಾಂ ಸಿಹಿಗುಂಬಳ ಬೀಜದಿಂದ ಎರಡಕ್ಕಿಂತ ಸ್ವಲ್ಪ ಹೆಚ್ಚು, ಎರಡು ಮೊಟ್ಟೆಯಿಂದ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಯೂರಿಕ್ ಆಸಿಡ್‌ಗೆ ಹೆದರಿ ಕಾಳು, ಮೊಟ್ಟೆಯನ್ನೂ ಬಿಟ್ಟವರಿದ್ದಾರೆ, ಅದು ಬೇಕಿಲ್ಲ. ದೇಹದಲ್ಲಿ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಮೊಟ್ಟೆಯಲ್ಲಿ ಇರುವುದೇ ಅತ್ಯಲ್ಪ, ಕಾಳಿನ ಪ್ಯೂರಿನ್ ಮಾಂಸದ್ದರಂತೆ ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲುನೋವು) ತರುವುದಿಲ್ಲ.

ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ ಮಾತ್ರ ಜಿಂಕ್, ಕಬ್ಬಿಣ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. 10–12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ. ಕಕ್ಕಡದ (ಆಟಿ ತಿಂಗಳ) ಮಳೆ ಚಳಿಯಲ್ಲಿ ಒಂದೇ ರಾತ್ರಿಗೆ ಮೊಳಕೆ ಬರುವುದಿಲ್ಲ, ಎರಡು ಮೂರು ದಿನ ಎಳೆಯುತ್ತದೆ. ಒಲೆ ಹತ್ತಿರ ಇಡಿ, ದಿನಕ್ಕೆರಡು ಸಲ ತೊಳೆಯಿರಿ. ಲೋಳೆ ಬಂದು ವಾಸನೆ ಹೊಡೆದರೆ ಎಸೆಯುವುದೇ. ಮೊಳಕೆ ಚೆನ್ನಾಗಿದ್ದರೂ ಬೇಯಿಸದೆ ತಿನ್ನಬೇಡಿ.

ಇನ್ನು ಕಾಫಿ. ಕೊಡಗಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು: ಅದು ಕಬ್ಬಿಣದ ಹೀರಿಕೆ ತಗ್ಗಿಸುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದರೆ ಅಡ್ಡಿಯಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೆ ಮಾತ್ರ ಊಟದ ಜೊತೆ ಕುಡಿದಷ್ಟೇ ನಷ್ಟ. ತಟ್ಟೆಗೆ ನಿಂಬೆ ಹಿಂಡಿದರೆ ವಿಟಮಿನ್ ಸಿ ಕಬ್ಬಿಣಕ್ಕೆ ನೆರವಾಗುತ್ತದೆ. ಕುದಿಸಿ ಕುದಿಸಿ ಕಪ್ಪಗೆ ಬತ್ತಿಸಿದ ಹುಳಿರಸ ಕಾಚಂಪುಳಿಯನ್ನು ಆ ಲೆಕ್ಕಕ್ಕೆ ಹಿಡಿಯಬೇಡಿ.

ಮಾತ್ರೆ ತೆಗೆದುಕೊಳ್ಳಲೇಬೇಕೆಂದರೆ ಲೇಬಲ್ಲಿನಲ್ಲಿ 'ಎಲಿಮೆಂಟಲ್' ಜಿಂಕ್ ಎಷ್ಟೆಂದು ನೋಡಿ. ಜಿಂಕ್ ಸಲ್ಫೇಟ್ ಮೊನೊಹೈಡ್ರೇಟ್ 55 ಮಿಲಿಗ್ರಾಂ ಅಂದರೆ ನಿಜವಾದ ಜಿಂಕ್ ಸುಮಾರು 20. ಆಹಾರವೂ ಸೇರಿ ದಿನಕ್ಕೆ 40 ದಾಟಬಾರದು. ಕೋವಿಡ್ ಕಾಲದಲ್ಲಿ ಶುರುಮಾಡಿ ಇನ್ನೂ ನಿಲ್ಲಿಸದವರು ಇದನ್ನು ಗಮನಿಸಬೇಕು. ಜಿಂಕ್ ಹೆಚ್ಚಾದರೆ ಕರುಳಿನ ಕೋಶಗಳಲ್ಲಿ ಮೆಟಲೊಥಯೊನಿನ್ ಎಂಬ ಪ್ರೋಟೀನು ಹೆಚ್ಚುತ್ತದೆ. ಅದು ತಾಮ್ರವನ್ನು ಅಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಬಿಡುವುದಿಲ್ಲ. ತಾಮ್ರ ಇಳಿದರೆ ರಕ್ತಹೀನತೆ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಕುಸಿತ. ಅಂದರೆ ನೆಗಡಿ ತಪ್ಪಿಸಲು ನುಂಗಿದ ಮಾತ್ರೆಯೇ ಸೋಂಕಿಗೆ ಬಾಗಿಲು ತೆರೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆಯೂ ಬರುತ್ತದೆ. ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದರೆ ಜಿಂಕ್, ಕಬ್ಬಿಣದ ಮಾತ್ರೆಗಳನ್ನು ಅದರ ಜೊತೆ ನುಂಗಬೇಡಿ, ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎಷ್ಟು ಅಂತರ ಬೇಕೆಂದು ವೈದ್ಯರನ್ನು ಕೇಳಿ.

ರಕ್ತ ಪರೀಕ್ಷೆ ಮಾಡಿಸುವುದಾದರೆ ಜ್ವರ ಬಿಟ್ಟ ಮೇಲೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಸೋಂಕು ಇರುವಾಗ ರಕ್ತದ ಜಿಂಕ್ ತಾನಾಗಿ ಇಳಿಯುತ್ತದೆ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಆದ್ದರಿಂದ ಫೆರಿಟಿನ್ ಜೊತೆ ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿಯನ್ನೂ ಮಾಡಿಸಿ.

ವರ್ಷಕ್ಕೆ ಎರಡು ಮೂರು ನೆಗಡಿ ದೊಡ್ಡವರಿಗೂ ಸಹಜವೇ. ಎರಡು ವಾರ ದಾಟಿದ ಕೆಮ್ಮು, ತೂಕ ಇಳಿಯುವುದು, ಸಂಜೆ ಜ್ವರ ಇದ್ದರೆ ಜಿಂಕ್ ವಿಚಾರ ಬದಿಗಿಟ್ಟು ಕ್ಷಯ ಇದೆಯೇ ಎಂದು ಕಫ ಪರೀಕ್ಷೆ ಮಾಡಿಸಿ. ಜೊತೆಗೆ ರಕ್ತದ ಸಕ್ಕರೆಯನ್ನೂ ನೋಡಿಸಿ.