ಒಳ್ಳೇದಾಗಿದ್ರೆ ಇಂಗ್ಲಿಷ್‌ಗೆ ಬಂದೇ ಬರುತ್ತಲ್ಲ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಹಳೆಯ ಸ್ಪ್ಯಾನಿಷ್ ಸಾಹಿತ್ಯ ಪತ್ರಿಕೆಗಳನ್ನು ಓದುತ್ತೇನೆ. ಅದು ಗೊತ್ತಾದವರೆಲ್ಲ ಕೇಳುವುದು ಒಂದೇ. "ಅಷ್ಟು ಕಷ್ಟ ಯಾಕೆ? ಒಳ್ಳೇದಾಗಿದ್ರೆ ಇಂಗ್ಲಿಷ್‌ಗೆ ಬಂದೇ ಬರುತ್ತಲ್ಲ?" ಮೊನ್ನೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಮಾವನೂ ಅದನ್ನೇ ಕೇಳಿದರು. ಅಡಿಗರ 'ಸಾಕ್ಷಿ' ಸಂಚಿಕೆಗಳನ್ನು ಬೈಂಡ್ ಮಾಡಿಸಿ ಜೋಪಾನವಾಗಿ ಇಟ್ಟುಕೊಂಡಿರುವ ಮನುಷ್ಯ ಅವರು.

"ಮಾವ, ನಿಮ್ಮ ಸಾಕ್ಷಿ ಸಂಚಿಕೆಗಳು ಇಂಗ್ಲಿಷ್‌ಗೆ ಬಂದಿವೆಯಾ? ಹಾಗಾದ್ರೆ ಅವು ಒಳ್ಳೇದಲ್ವಾ?" ಅಂದೆ.

ಸಾರಿಗೆ ಅಂತ ಅನ್ನದಲ್ಲಿ ಗುಂಡಿ ಮಾಡುತ್ತಿದ್ದ ಕೈ ನಿಂತಿತು. "ಅದು ಬೇರೆ" ಅಂದರು.

ಬೇರೆ ಏನೂ ಅಲ್ಲ. 'ಬಂದೇ ಬರುತ್ತೆ' ಅನ್ನುವ ಆ ಧೈರ್ಯ ಇದೆಯಲ್ಲ, ನನಗೆ ಸಿಟ್ಟು ಬರುವುದೇ ಅದಕ್ಕೆ.

'ಸುರ್' ಪತ್ರಿಕೆಯನ್ನೇ ನೋಡಿ. ಸುರ್ ಅಂದರೆ ದಕ್ಷಿಣ. ಮುಖಪುಟದಲ್ಲಿ ಕೆಳಗೆ ಮುಖ ಮಾಡಿದ ಒಂದು ಬಾಣ. 1931ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇದನ್ನು ಶುರು ಮಾಡಿದವರು ವಿಕ್ಟೋರಿಯಾ ಒಕಾಂಪೊ. 1924ರಲ್ಲಿ ಪೆರುವಿಗೆ ಹೊರಟಿದ್ದ ಟಾಗೋರರು ಹುಷಾರು ತಪ್ಪಿ ಅಲ್ಲೇ ಉಳಿದಾಗ ಮನೆ ಮಾಡಿಕೊಟ್ಟು ನೋಡಿಕೊಂಡವರೂ ಇವರೇ. ಟಾಗೋರರು ಇವರನ್ನು 'ವಿಜಯಾ' ಅಂತ ಕರೆಯುತ್ತಿದ್ದರು.

ಅರ್ಜೆಂಟೀನಾದ ಕಥೆಗಾರ ಬೋರ್ಹೆಸ್ ಅವರ 'ಪಿಯೆರ್ ಮೆನಾರ್' ಕಥೆ ಸುರ್‌ನಲ್ಲಿ ಬಂದಿದ್ದು 1939ರಲ್ಲಿ. ಅವರ ಕಥೆಗಳು ಪುಸ್ತಕವಾಗಿ ಇಂಗ್ಲಿಷಿಗೆ ಬಂದಿದ್ದು 1962ರಲ್ಲಿ. ಬಂತಲ್ಲ ಅನ್ನಬಹುದು. ನಿಜ, 23 ವರ್ಷ ಆದಮೇಲೆ ಬಂತು. ಆದರೆ ಬಂದಿದ್ದು ಕಥೆ, ಪತ್ರಿಕೆ ಅಲ್ಲ.

1942ರಲ್ಲಿ ಬೋರ್ಹೆಸ್ ಅವರ ಕಥಾಸಂಕಲನಕ್ಕೆ ಅರ್ಜೆಂಟೀನಾದ ರಾಷ್ಟ್ರೀಯ ಸಾಹಿತ್ಯ ಬಹುಮಾನ ತಪ್ಪಿತು. ಸುರ್ ಬಳಗದವರು ಸುಮ್ನೆ ಕೂರಲಿಲ್ಲ. ಜುಲೈ ತಿಂಗಳ 94ನೆಯ ಸಂಚಿಕೆಯಲ್ಲಿ 'ದೆಸಾಗ್ರಾವಿಯೊ ಆ ಬೋರ್ಹೆಸ್' ಅಂತ ಹೆಸರಿಟ್ಟು ಒಂದು ವಿಭಾಗವನ್ನೇ ಮಾಡಿದರು. ಬೋರ್ಹೆಸ್‌ಗೆ ಆದ ಅವಮಾನ ತೊಳೆಯುವುದು ಅಂತ ಅರ್ಥ. ಬಿಯೊಯ್ ಕಸಾರೆಸ್, ಸಾಬಾತೊ, ಹೀಗೆ ಒಬ್ಬರ ಹಿಂದೆ ಒಬ್ಬರು ಬರೆದಿದ್ದಾರೆ. ಕೆಲವರು ತಮ್ಮ ತಕರಾರನ್ನು ಇಟ್ಟುಕೊಂಡೇ ಬರೆದಿದ್ದಾರೆ. ಪುಟ ತಿರುಗಿಸುತ್ತಾ ಹೋದರೆ ಒಂದು ಊರಿನ ಲೇಖಕರೆಲ್ಲ ಎದ್ದು ಬಂದು ಗೆಳೆಯನ ಪಕ್ಕ ನಿಂತ ಹಾಗೆ ಕಾಣುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಬೋರ್ಹೆಸ್ ಒಬ್ಬರೇ ಇದ್ದಾರೆ. ಅಕ್ಕಪಕ್ಕ ಯಾರೂ ಇಲ್ಲ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ. ಇದಕ್ಕೆಲ್ಲ ದುಡ್ಡು ಹಾಕಿದವರು ಯಾರು? ಪತ್ರಿಕೆಯ ಮಟ್ಟಿಗೆ ಇದೇ ಮೊದಲ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಒಕಾಂಪೊ ದೊಡ್ಡ ಶ್ರೀಮಂತರ ಮನೆಯ ಮಗಳು. ಹಿರಿಯರಿಂದ ಬಂದ ಆಸ್ತಿಯನ್ನು ಪತ್ರಿಕೆಗೂ ಪುಸ್ತಕ ಪ್ರಕಟಣೆಗೂ ಸುರಿದರು. ಕೊನೆಗೆ 1973ರಲ್ಲಿ ತಮ್ಮ ಮನೆಯನ್ನೇ ಯುನೆಸ್ಕೋಗೆ ಬರೆದುಕೊಟ್ಟರು.

ಅಲ್ಲಿ ಈಗಲೂ ಆ ಗುಣ ಇದೆ. ಇಂಗ್ಲಿಷ್ ಜರ್ನಲ್‌ನ ಒಂದು ಲೇಖನ ಓದಲು ಎಷ್ಟೋ ಸಲ ಮೂವತ್ತು ಡಾಲರ್‌ಗೂ ಜಾಸ್ತಿ ಕೇಳುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳೇ ಖರ್ಚು ನೋಡಿಕೊಂಡು ಹೊರತರುವ ಎಷ್ಟೋ ಜರ್ನಲ್‌ಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಬ್ರೆಜಿಲ್‌ನಲ್ಲಿ ಶುರುವಾದ 'ಸೈಎಲೋ', ಮೆಕ್ಸಿಕೋದ 'ರೆದಾಲಿಕ್' ಅನ್ನುವ ಜಾಲತಾಣಗಳು ಇರುವುದೇ ಅದಕ್ಕೆ. ಸುರ್‌ನ ಹಳೇ ಸಂಚಿಕೆಗಳನ್ನೂ ಅರ್ಜೆಂಟೀನಾದ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ಇಟ್ಟಿದೆ. ನಾನು ಓದುವುದು ಅದನ್ನೇ. ಕಾಸು ಖರ್ಚಿಲ್ಲ.

ಮದುವೆಯಾಗಿ ಒಂದು ವಾರಕ್ಕೆ ಮಾವ ಫೋನ್ ಮಾಡಿದರು. "ಆಯಮ್ಮ ಪತ್ರಿಕೆಯನ್ನ ಎಷ್ಟು ವರ್ಷ ನಡೆಸಿದಳು?"

"ಸುಮಾರು ನಲವತ್ತು ವರ್ಷ, ಮಾವ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಭಾನುವಾರ ಬಾ. ಅದನ್ನ ತೋರಿಸು. ಸಾಕ್ಷಿ ತೆಗೆದಿಟ್ಟಿರ್ತೀನಿ" ಅಂದರು.